ಫ್ಯಾಂಟಮ್‌ಗೆ ಸಾವಿಲ್ಲ ಎಂಬ ಮಾತಿನೊಳಗಿರುವ ಇಪ್ಪತ್ತು ಸಾವುಗಳು

ಹಳೇಟ್ರಂಕು

ಕಳೆದ ತಿಂಗಳು ಊರಿನ ಮನೆಯ ಅಟ್ಟವನ್ನು ಖಾಲಿ ಮಾಡುವಾಗ ನಮ್ಮ ಸೋದರಮಾವನ ತಗಡಿನ ಟ್ರಂಕಿನಲ್ಲಿ ಇಂದ್ರಜಾಲ ಕಾಮಿಕ್ಸ್‌ನ ಹತ್ತೊಂಬತ್ತು ಕನ್ನಡ ಸಂಚಿಕೆಗಳು ಸಿಕ್ಕವು. ಮಾವ ಅವುಗಳ ಪಿನ್ನು ಕಿತ್ತು, ದಬ್ಬಳದಿಂದ ತೂತು ಮಾಡಿ, ಗೋಣಿದಾರದಲ್ಲಿ ಹೊಲಿದು, ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯನ್ನೇ ರಟ್ಟು ಮಾಡಿ ಒಂದು ಪುಸ್ತಕವಾಗಿ ಕಟ್ಟಿಟ್ಟಿದ್ದರು. ಅಂಚುಗಳನ್ನು ಹುಳು ತಿಂದಿದೆ, ಬಣ್ಣ ಕಂದಿದೆ, ಆದರೆ ಅಕ್ಷರಗಳು ಓದುವಂತಿವೆ. ಕೊನೆಯ ಸಂಚಿಕೆಯಲ್ಲಿ ಕಟ್ಟಕಡೆಯ ಹಾಳೆಯೊಂದು ಮಾತ್ರ ಇಲ್ಲ. ಅದು ಮುಖವಾಡ ಹಾಕಿಕೊಂಡು ಕಾಡನ್ನು ಕಾಯುವ ಚಿತ್ರಕಥೆಯ ವೀರ ಫ್ಯಾಂಟಮ್‌ನ ಬಾಲ್ಯದ ಕಥೆ. ಅಮೆರಿಕದಲ್ಲಿ ಓದುತ್ತಿದ್ದ ಹುಡುಗನಿಗೆ ತಂದೆ ಸಾವಿನ ಹಾಸಿಗೆಯಲ್ಲಿದ್ದಾನೆಂಬ ಸುದ್ದಿ ಬಂದು, ಅವನು ಕಾಡಿಗೆ ಮರಳಿ, ತಂದೆಯ ಪಕ್ಕದಲ್ಲಿ ಕುಳಿತಿದ್ದಾನೆ. ಅಲ್ಲಿಗೆ ನನ್ನ ಪುಸ್ತಕ ಮುಗಿಯುತ್ತದೆ.

ಆ ಹರಿದ ಜಾಗವನ್ನು ನೋಡುತ್ತ ಕುಳಿತಾಗ ಹುಟ್ಟಿದ ಯೋಚನೆಯನ್ನು ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ. ಫ್ಯಾಂಟಮ್ ತೊಂಬತ್ತು ವರ್ಷಗಳ ಕಾಲ ಓದುಗರನ್ನು ಹಿಡಿದಿಟ್ಟುಕೊಂಡಿರುವುದು ಅವನ ಶೌರ್ಯದಿಂದಲ್ಲ, ಅವನು ಸಾಯುತ್ತಾನೆ ಎಂಬ ಕಾರಣದಿಂದ ಎಂದು ನನಗೆ ಅನ್ನಿಸುತ್ತದೆ. ಬೇರೆ ವೀರರನ್ನು ಅವರ ಕರ್ತೃಗಳು ಮುಪ್ಪಾಗದಂತೆ ಕಾಪಾಡಿದರು. ಫ್ಯಾಂಟಮ್‌ನ ಕರ್ತೃ ಮಾತ್ರ ಸಾವನ್ನೇ ಕಥೆಯ ಅಡಿಪಾಯವಾಗಿ ಹಾಕಿದರು.

ಮೂಲದ ವಿಷಯ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಲೀ ಫಾಕ್ 1911ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಹುಟ್ಟಿದವರು. 1934ರಲ್ಲಿ ಮ್ಯಾಂಡ್ರೇಕ್ ಎಂಬ ಜಾದೂಗಾರನ ಚಿತ್ರಕಥೆಯನ್ನು ಪತ್ರಿಕೆಗಳಿಗೆ ಬರೆಯತೊಡಗಿದರು. ಅದು ಗೆದ್ದಿತು. ಪತ್ರಿಕೆಗಳಿಗೆ ಚಿತ್ರಕಥೆಗಳನ್ನು ಒದಗಿಸುವ ಕಿಂಗ್ ಫೀಚರ್ಸ್ ಸಂಸ್ಥೆ ಎರಡನೆಯ ಕಥೆಯನ್ನು ಕೇಳಿದಾಗ ಹುಟ್ಟಿದವನೇ ಫ್ಯಾಂಟಮ್. 1936ರ ಫೆಬ್ರವರಿ 17ರಂದು ದಿನಪತ್ರಿಕೆಗಳಲ್ಲಿ ಮೊದಲ ಪಟ್ಟಿ, ಎಂದರೆ ಚಿತ್ರಚೌಕಗಳ ಒಂದು ಸಾಲು, ಅಚ್ಚಾಯಿತು. ಚಿತ್ರ ಬರೆದವರು ರೇ ಮೂರ್. ಸೂಪರ್‌ಮ್ಯಾನ್ ಬಂದದ್ದು 1938ರಲ್ಲಿ, ಬ್ಯಾಟ್‌ಮ್ಯಾನ್ 1939ರಲ್ಲಿ. ಮೈಗಂಟಿದ ಉಡುಪು, ಮುಖವಾಡ, ಮುಖವಾಡದೊಳಗೆ ಪಾಪೆಯಿಲ್ಲದ ಬಿಳಿಗಣ್ಣು ಇವೆಲ್ಲ ಫ್ಯಾಂಟಮ್‌ನಿಂದಲೇ ಮುಂದಿನವರಿಗೆ ಬಂದವು. ಗ್ರೀಕ್ ಶಿಲ್ಪಗಳ ಖಾಲಿ ಕಣ್ಣುಗಳಿಂದ ಆ ಬಿಳಿಗಣ್ಣಿನ ಕಲ್ಪನೆ ಬಂತೆಂದು ಫಾಕ್ ಹೇಳುತ್ತಿದ್ದರು.

ಮೊದಲ ಕಥೆಯನ್ನು ಆರಂಭಿಸಿದಾಗ ಫಾಕ್‌ಗೆ ಈ ವಂಶದ ಕಲ್ಪನೆಯೇ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಕಥೆಯ ನಾಯಕಿ ಡಯಾನಾ ಪಾಮರ್‌ಳನ್ನು ಇಷ್ಟಪಡುವ ಜಿಮ್ಮಿ ವೆಲ್ಸ್ ಎಂಬ ಶ್ರೀಮಂತ ಸೋಮಾರಿ ಯುವಕನೇ ರಾತ್ರಿಯ ಹೊತ್ತು ಮುಖವಾಡ ಹಾಕುತ್ತಾನೆಂದು ಮೊದಲು ಯೋಚಿಸಿದ್ದರು. ಆ ಜಾಡು ಮೊದಲ ವಾರಗಳ ಪಟ್ಟಿಗಳಲ್ಲಿ ಇನ್ನೂ ಕಾಣುತ್ತದೆ. ಬರೆಯುತ್ತ ಬರೆಯುತ್ತ ಅವರು ಜಿಮ್ಮಿಯನ್ನು ಬದಿಗೆ ಸರಿಸಿ, ಕಥೆಯನ್ನು ಕಾಡಿಗೆ ಒಯ್ದು, ನಾನೂರು ವರ್ಷ ಹಿಂದಕ್ಕೆ ಹೋದರು. ಕಡಲುಗಳ್ಳರು ಹಡಗನ್ನು ಸುಟ್ಟು ತಂದೆಯನ್ನು ಕೊಂದಿದ್ದಾರೆ, ಅಲೆಗಳು ಮಗನನ್ನು ದಡಕ್ಕೆ ತಂದು ಹಾಕಿವೆ, ಕಾಡಿನ ಕುಳ್ಳ ಜನ ಅವನಿಗೆ ನೀರು ಕೊಟ್ಟು ಬದುಕಿಸಿದ್ದಾರೆ. ಮುಂದೊಂದು ದಿನ ತಂದೆಯ ಕೊಲೆಗಾರನ ತಲೆಬುರುಡೆಯ ಮೇಲೆ ಕೈಯಿಟ್ಟು ಅವನು ಆಣೆ ಮಾಡುತ್ತಾನೆ. ಕಡಲುಗಳ್ಳತನ, ದುರಾಸೆ, ಕ್ರೌರ್ಯ, ಅನ್ಯಾಯ ಇವುಗಳ ನಾಶಕ್ಕೆ ತಾನೂ ತನ್ನ ಮಕ್ಕಳೂ ಮೊಮ್ಮಕ್ಕಳೂ ಬಾಳನ್ನು ಮೀಸಲಿಡುವುದಾಗಿ ಹೇಳುತ್ತಾನೆ.

ನಾವು ಓದುವವನು ಇಪ್ಪತ್ತೊಂದನೆಯವನು. ಹಿಂದಿನ ಇಪ್ಪತ್ತು ಮಂದಿ ಕಾಡಿನೊಳಗಿನ ಅವರ ಮನೆಯಾದ ಬುರುಡೆ ಗವಿಯ ಒಳಗೆ ಸಾಲಾಗಿ ಮಲಗಿದ್ದಾರೆ. ಹೊರಗಿನ ಲೋಕ ಮಾತ್ರ ಒಬ್ಬನೇ ಮನುಷ್ಯ ನಾನೂರು ವರ್ಷದಿಂದ ಓಡಾಡುತ್ತಿದ್ದಾನೆಂದು ನಂಬಿದೆ. ಆ ಗುಟ್ಟು ಕಾಡಿನ ಕೆಲವರಿಗೂ ಓದುಗರಾದ ನಮಗೂ ಗೊತ್ತು. ಎಂಟನೆಯ ವಯಸ್ಸಿನಲ್ಲಿ ಇಂಥ ಗುಟ್ಟೊಂದು ಕೈಗೆ ಸಿಕ್ಕಿದ್ದನ್ನು ಹೇಗೆ ಮರೆಯಲಾದೀತು?

ಬಾಡಿಗೆಗೆ ಪುಸ್ತಕ

ಬರಹಕ್ಕೆ ಧನ್ಯವಾದಗಳು, ಸರ್. ನಮ್ಮ ತಂದೆ 1970ರ ದಶಕದ ಕೊನೆಯಲ್ಲಿ ಹುಬ್ಬಳ್ಳಿಯಲ್ಲಿ ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಸಣ್ಣ ಅಂಗಡಿ ಇಟ್ಟಿದ್ದರು. ಕಾದಂಬರಿಗಳಿಗೆ ಒಂದು ಕಪಾಟು, ಚಿತ್ರಕಥೆಗಳಿಗೆ ಹಗ್ಗ. ಸಂಚಿಕೆಗಳನ್ನು ಬಟ್ಟೆ ಒಣಹಾಕಿದಂತೆ ಹಗ್ಗದ ಮೇಲೆ ನೇತುಹಾಕುತ್ತಿದ್ದರು. ಮನೆಗೆ ಒಯ್ದರೆ ಒಂದು ದರ, ಅಂಗಡಿಯ ಬೆಂಚಿನ ಮೇಲೆಯೇ ಕುಳಿತು ಓದಿದರೆ ಅದರ ಅರ್ಧ. ಬೇಸಿಗೆ ರಜೆಯಲ್ಲಿ ಬೆಂಚಿನ ಮೇಲೆ ಜಾಗ ಸಿಗದೆ ಹುಡುಗರು ಮೆಟ್ಟಿಲ ಮೇಲೆ ಕುಳಿತು, ಒಬ್ಬನ ಕೈಯಲ್ಲಿದ್ದುದನ್ನು ನಾಲ್ವರು ಓದುತ್ತಿದ್ದರು. ಹಾಳೆ ತಿರುಗಿಸುವ ಹಕ್ಕು ದುಡ್ಡು ಕೊಟ್ಟವನದು. ನಿಧಾನವಾಗಿ ಓದುವವನು ಅವನ ಮೊಣಕೈ ಹಿಡಿದು ನಿಲ್ಲಿಸುತ್ತಿದ್ದ.

ಒಂದು ವಿಷಯವನ್ನು ಸೇರಿಸಬೇಕೆನಿಸಿತು. ಇಂಡಿಯಾದಲ್ಲಿ ಫ್ಯಾಂಟಮ್ ಮೊದಲು ಕಾಣಿಸಿಕೊಂಡದ್ದು ಇಂದ್ರಜಾಲದಲ್ಲಲ್ಲ. 1940ರ ದಶಕದಲ್ಲೇ ಇಲಸ್ಟ್ರೇಟೆಡ್ ವೀಕ್ಲಿಯ ಪುಟಗಳಲ್ಲಿ ಬರುತ್ತಿದ್ದ. ಆದರೆ ಅದು ಇಂಗ್ಲಿಷ್ ಬಲ್ಲವರ ಪತ್ರಿಕೆ. ಟೈಮ್ಸ್ ಆಫ್ ಇಂಡಿಯಾ ಬಳಗ 1964ರ ಮಾರ್ಚ್‌ನಲ್ಲಿ ಇಂದ್ರಜಾಲವನ್ನು ಆರಂಭಿಸಿ, ಬರಬರುತ್ತ ಹಲವು ಭಾಷೆಗಳಿಗೆ ಒಯ್ದ ಮೇಲೆಯೇ ಅವನು ನಮ್ಮಂಥವರ ಬೆಂಚಿಗೆ ಬಂದ. ಮುಂದೆ ಅಮರ ಚಿತ್ರಕಥೆಯನ್ನು ಕಟ್ಟಿದ ಅನಂತ ಪೈ ಆರಂಭದ ದಿನಗಳಲ್ಲಿ ಅಲ್ಲಿದ್ದರು. ಕಾರ್ಕಳದಲ್ಲಿ ಹುಟ್ಟಿದವರು ಅವರು. 1990ರಲ್ಲಿ ಇಂದ್ರಜಾಲ ನಿಲ್ಲುವ ಹೊತ್ತಿಗೆ ಎಂಟುನೂರಕ್ಕೂ ಹೆಚ್ಚು ಸಂಚಿಕೆಗಳು ಬಂದಿದ್ದವು. ಅವುಗಳಲ್ಲಿ ಸುಮಾರು ಅರ್ಧದಷ್ಟು ಫ್ಯಾಂಟಮ್‌ನವು.

ಮೊದಲ ಸಂಚಿಕೆಯ ಕಥೆ ಯಾವುದೆಂದು ನೋಡಿದರೆ ನಿಮ್ಮ ವಾದಕ್ಕೆ ಬಲ ಬರುತ್ತದೆ. ಅದು ಫ್ಯಾಂಟಮ್‌ನ ನಡುಪಟ್ಟಿಯ ಕಥೆ. ಇಪ್ಪತ್ತನೆಯವನನ್ನು ಮೋಸದಿಂದ ಇರಿದು ಕೊಂದವನು ಆ ನಡುಪಟ್ಟಿಯನ್ನು ಗೆಲುವಿನ ಗುರುತಾಗಿ ಒಯ್ದಿರುತ್ತಾನೆ. ಮಗ ಅದನ್ನು ಹುಡುಕಿಕೊಂಡು ಹೋಗುತ್ತಾನೆ. ಎಂದರೆ ನಮ್ಮ ಮಕ್ಕಳಿಗೆ ಫ್ಯಾಂಟಮ್‌ನ ಪರಿಚಯವಾದದ್ದೇ ಒಂದು ಸಾವಿನ ಮೂಲಕ.

ನೇರಳೆ ಅಲ್ಲ ಬೂದು

ಉಡುಪಿನ ಬಣ್ಣದ ವಿಷಯ ಯಾರೂ ಎತ್ತಿಲ್ಲವಾದ್ದರಿಂದ ನಾನು ಎತ್ತುತ್ತೇನೆ. ಫಾಕ್ ಮನಸ್ಸಿನಲ್ಲಿ ಇದ್ದದ್ದು ಬೂದು ಬಣ್ಣ. ಅವನಿಗೆ ಬೂದು ಪ್ರೇತ ಎಂಬರ್ಥದ ಹೆಸರಿಡುವ ಯೋಚನೆಯೂ ಇತ್ತು. ದಿನಪತ್ರಿಕೆಯ ಪಟ್ಟಿ ಕಪ್ಪು ಬಿಳುಪಿನದಾದ್ದರಿಂದ ಮೂರು ವರ್ಷ ಯಾರಿಗೂ ತೊಂದರೆಯಾಗಲಿಲ್ಲ. 1939ರ ಮೇ ತಿಂಗಳಲ್ಲಿ ಭಾನುವಾರದ ಬಣ್ಣದ ಪುಟ ಆರಂಭವಾದಾಗ ಅವನು ನೇರಳೆಯಾಗಿ ಬಂದ. ಬೇರೆ ದೇಶಗಳ ಮುದ್ರಕರು ತಮ್ಮ ಮನಸ್ಸಿಗೆ ಬಂದ ಬಣ್ಣ ಬಳಿದರು. ಸ್ವೀಡನ್, ನಾರ್ವೆಗಳಲ್ಲಿ ಅವನು ನೀಲಿ. ಇಟಲಿ, ಟರ್ಕಿ, ಬ್ರೆಜಿಲ್‌ಗಳಲ್ಲಿ ಕೆಂಪು. ಒಂದು ದೇಶದ ಓದುಗನಿಗೆ ಮತ್ತೊಂದು ದೇಶದ ಫ್ಯಾಂಟಮ್ ಸುಳ್ಳು ಫ್ಯಾಂಟಮ್‌ನಂತೆ ಕಾಣುತ್ತಾನೆ.

ಚಿತ್ರಕಾರರ ವಿಷಯದಲ್ಲಿಯೂ ಪಟ್ಟ ಕೈಯಿಂದ ಕೈಗೆ ಹೋಗಿದೆ. ರೇ ಮೂರ್ ಅವರದು ನೆರಳು ತುಂಬಿದ ಶೈಲಿ. ಅವರ ಫ್ಯಾಂಟಮ್ ಕತ್ತಲಿನಿಂದ ಅರ್ಧ ಹೊರಬಂದಂತೆ ಇರುತ್ತಾನೆ, ನೋಡಿದರೆ ನಿಜಕ್ಕೂ ಪ್ರೇತವೆಂದು ನಂಬಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆಲಸ ವಿಲ್ಸನ್ ಮೆಕಾಯ್ ಅವರ ಕೈಗೆ ಬಂತು. ಅವರ ರೇಖೆ ಸರಳ, ತುಸು ಒರಟು, ಆದರೆ ಕಥೆ ಓದಿಸಿಕೊಂಡು ಹೋಗುತ್ತದೆ. 1961ರಲ್ಲಿ ಅವರು ತೀರಿಕೊಂಡ ಮೇಲೆ ಬಂದ ಸೈ ಬ್ಯಾರಿ 1994ರವರೆಗೆ ಬರೆದರು. ನಮ್ಮಲ್ಲಿ ಬಹುಪಾಲು ಜನರ ನೆನಪಿನಲ್ಲಿರುವ ಅಗಲ ಹೆಗಲಿನ, ಸ್ವಚ್ಛ ಗೆರೆಯ ಫ್ಯಾಂಟಮ್ ಬ್ಯಾರಿ ಅವರವನು. ನನಗಂತೂ ಮೂರ್ ಅವರೇ ಮೇಲು. ಈ ಮಾತಿಗೆ ಇಲ್ಲಿ ಯಾರೂ ಒಪ್ಪಲಾರರೆಂದು ಗೊತ್ತಿದ್ದೂ ಹೇಳುತ್ತಿದ್ದೇನೆ.

ಕಾಡಂಚಿನ ಓದುಗ

ಎಲ್ಲರೂ ಪ್ರೀತಿಯಿಂದ ಬರೆಯುತ್ತಿದ್ದೀರಿ. ನಾನೂ ಆ ಸಂಚಿಕೆಗಳನ್ನು ಓದಿಯೇ ಬೆಳೆದವನು. ಆದರೂ ಒಂದು ಪ್ರಶ್ನೆಯನ್ನು ಬದಿಗಿಟ್ಟು ಈ ಚರ್ಚೆ ಮುಂದುವರಿಯಬಾರದು ಎನ್ನಿಸುತ್ತದೆ. ಬಿಳಿಯನೊಬ್ಬ ಕಪ್ಪುಜನರ ಕಾಡಿನಲ್ಲಿ ಬುರುಡೆಯ ಸಿಂಹಾಸನದ ಮೇಲೆ ಕುಳಿತು, ಅವರ ಜಗಳಗಳಿಗೆ ತೀರ್ಪು ಹೇಳಿ, ಅವರ ಮೂಢನಂಬಿಕೆಯನ್ನೇ ತನ್ನ ಅಧಿಕಾರಕ್ಕೆ ಆಧಾರ ಮಾಡಿಕೊಂಡಿದ್ದಾನೆ. ಅವನಿಗೆ ಸಾವಿಲ್ಲವೆಂದು ಆ ಜನ ನಂಬಬೇಕು, ನಿಜ ಮಾತ್ರ ಅವನ ಹತ್ತಿರದವರಿಗೆ ಗೊತ್ತಿರಬೇಕು. ನಮ್ಮನ್ನು ಆಳಿದವರೂ ಇಂಥದೇ ಕಥೆಯನ್ನು ತಮ್ಮ ಬಗ್ಗೆ ಹೇಳಿಕೊಳ್ಳುತ್ತಿದ್ದರಲ್ಲವೆ?

ಹೆಸರುಗಳನ್ನು ನೋಡಿ. ಅವನ ನಿಷ್ಠಾವಂತ ಕುಳ್ಳ ಜನರಿಗೆ ಬಾಂಡಾರ್ ಎಂದು ಹೆಸರು. ಫಾಕ್ ಕಿಪ್ಲಿಂಗ್‌ನ ಕಾಡಿನ ಕಥೆಗಳನ್ನು ಮೆಚ್ಚಿಕೊಂಡವರು. ಆ ಕಥೆಗಳಲ್ಲಿ ಈ ಪದ ಕೋತಿಗಳಿಗೆ ಸೇರಿದ್ದು. ಖಳರಾದ ಕಡಲುಗಳ್ಳರಿಗೆ ಸಿಂಗ್ ಎಂದು ಹೆಸರು. ಅಡ್ಡಹೆಸರಾಗಿ ಅದನ್ನು ಗೌರವದಿಂದ ಹೊತ್ತ ಲಕ್ಷಾಂತರ ಕುಟುಂಬಗಳು ನಮ್ಮ ದೇಶದಲ್ಲಿವೆ. ದೇಶದ ಹೆಸರು ಬಂಗಾಲಾ. ಆರಂಭದ ಕಥೆಗಳಲ್ಲಿ ಅದು ಏಷ್ಯಾದ ಕಡೆ ಇದ್ದಂತಿದೆ, ಮುಂದೆ ಮೆಲ್ಲಗೆ ಆಫ್ರಿಕಾಕ್ಕೆ ಸರಿಯುತ್ತದೆ. ಬರೆದವರಿಗೆ ಎರಡೂ ಒಂದೇ ಕಾಡು. ಇದನ್ನೆಲ್ಲ ಸೃಷ್ಟಿಸುವಾಗ ಅವರು ಆ ನೆಲಗಳನ್ನು ಕಂಡವರೂ ಅಲ್ಲ. ಕೆಲಸ ಸಿಗಲೆಂದು ತಾವು ಲೋಕ ಸುತ್ತಿದವರೆಂದು ಸಂಸ್ಥೆಗೆ ಹೇಳಿಕೊಂಡಿದ್ದರು, ನಿಜವಾಗಿ ಸುತ್ತಿದ್ದು ಆಮೇಲೆ.

ಇದನ್ನು ಹೇಳುವುದು ಯಾರ ಬಾಲ್ಯವನ್ನೂ ಕೆಡಿಸಲು ಅಲ್ಲ. ಆದರೆ ಸಾವಿನ ಬಗ್ಗೆ ಅಷ್ಟು ಚೆನ್ನಾಗಿ ಬರೆದಿರುವ ನೀವು ಆ ಇಪ್ಪತ್ತು ಸಮಾಧಿಗಳ ಜೊತೆಗೆ, ಕಥೆಯಲ್ಲಿ ಹೆಸರೇ ಇಲ್ಲದೆ ಸತ್ತುಹೋಗುವ ಕಾಡಿನ ಜನರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು ನನ್ನ ಬೇಡಿಕೆ.

ಹಳೇಟ್ರಂಕು

ಈ ಮಾತು ನನ್ನ ಮನಸ್ಸಿಗೆ ನಾಟಿತು, ಮತ್ತು ಅದರ ಬಹುಭಾಗವನ್ನು ನಾನು ಒಪ್ಪುತ್ತೇನೆ. ಮಾವನ ಪುಸ್ತಕವನ್ನು ಈಗ ಓದುವಾಗ ಕೆಲವು ಪುಟಗಳಲ್ಲಿ ನನಗೇ ಮುಜುಗರವಾಯಿತು. ಇಂದ್ರಜಾಲದವರಿಗೂ ಆ ಮುಜುಗರ ಆಗಿರಬೇಕು. ಅವರು ಬಂಗಾಲಾವನ್ನು ದೆಂಕಾಲಿ ಮಾಡಿದರು, ಸಿಂಗ್ ಕಡಲುಗಳ್ಳರನ್ನು ಸಿಂಗಾ ಮಾಡಿದರು. ಇಪ್ಪತ್ತನೆಯವನ ಕೊಲೆಗಾರನಿಗೆ ಮೂಲದಲ್ಲಿ ರಾಮ ಎಂದು ಹೆಸರಿತ್ತು, ಅದನ್ನು ರಾಮಲು ಎಂದು ತಿದ್ದಿದರು. ಹೆಸರು ತಿದ್ದಿದ ಮಾತ್ರಕ್ಕೆ ಎಲ್ಲ ಸರಿಹೋಯಿತೆಂದು ನಾನು ಹೇಳುವುದಿಲ್ಲ.

ಆದರೆ ಫಾಕ್ ತಾವು ಕಟ್ಟಿದ್ದನ್ನು ಹಾಗೆಯೇ ಬಿಟ್ಟವರಲ್ಲ ಎಂಬುದನ್ನೂ ಸೇರಿಸಬೇಕು. ಆಫ್ರಿಕಾದ ದೇಶಗಳು ಒಂದೊಂದಾಗಿ ಸ್ವತಂತ್ರವಾಗುತ್ತಿದ್ದ 1960ರ ದಶಕದಲ್ಲಿ ಬಂಗಾಲಾ ಕೂಡ ಪ್ರಜಾಪ್ರಭುತ್ವವಾಯಿತು. ವೈದ್ಯರಾದ ಲಮಾಂಡಾ ಲುವಾಗಾ ಅಧ್ಯಕ್ಷರಾಗಿ ಆರಿಸಿ ಬಂದರು. ಜನರಲ್ ಬಬಾಬು ಎಂಬ ಸೇನಾಧಿಕಾರಿ ಆ ಚುನಾವಣೆಯ ಫಲವನ್ನು ಬಂದೂಕಿನಿಂದ ಅಳಿಸಲು ನೋಡಿದಾಗ ಫ್ಯಾಂಟಮ್ ನಿಂತದ್ದು ಆರಿಸಿ ಬಂದವನ ಕಡೆಗೆ. ಲುವಾಗಾ ಆ ಕಥೆಗಳಲ್ಲಿ ಓದಿಕೊಂಡ, ಸಂಕೋಚದ, ಗಟ್ಟಿ ಮನುಷ್ಯ. ಅಮೆರಿಕದ ದಿನಪತ್ರಿಕೆಗಳಲ್ಲಿ ಅಂಥ ಆಫ್ರಿಕನ್ ಪಾತ್ರ ಆ ಕಾಲಕ್ಕೆ ಅಪರೂಪ.

ಬುರುಡೆಯ ಸಿಂಹಾಸನ ಮಾತ್ರ ಹಾಗೆಯೇ ಉಳಿಯಿತು, ನಿಜ. ಅದನ್ನು ತೆಗೆದರೆ ಕಥೆಯೇ ಇಲ್ಲ. ಅಷ್ಟರಮಟ್ಟಿಗೆ ನಿಮ್ಮ ಆಕ್ಷೇಪಕ್ಕೆ ನನ್ನ ಬಳಿ ಉತ್ತರವಿಲ್ಲ.

ಡಯಾನಾ ಕಡೆಯವಳು

ವಂಶ, ಮಗ, ಮೊಮ್ಮಗ ಎಂದು ಓದುತ್ತ ಬಂದೆ. ಇಷ್ಟೂ ಮಂದಿಯನ್ನು ಹೆತ್ತವರ ಬಗ್ಗೆ ಯಾರಾದರೂ ಬರೆಯುತ್ತೀರೇನೋ ಎಂದು ಕಾದೆ.

ಡಯಾನಾ ಪಾಮರ್ ಮೊದಲ ಕಥೆಯಲ್ಲೇ ಹಡಗಿನಲ್ಲಿ ಲೋಕ ಸುತ್ತಿ ಬರುವ ಹೆಣ್ಣು, ಅಗತ್ಯ ಬಿದ್ದರೆ ಗುದ್ದನ್ನೂ ಕೊಡಬಲ್ಲವಳು. ಮುಂದೆ ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡುತ್ತಾಳೆ. 1936ರಲ್ಲಿ ಭೇಟಿಯಾದ ಇವರಿಬ್ಬರ ಮದುವೆ ಆದದ್ದು 1977ರಲ್ಲಿ. ನಲವತ್ತೊಂದು ವರ್ಷ! 1979ರಲ್ಲಿ ಕಿಟ್, ಹೆಲೊಯಿಸ್ ಎಂಬ ಅವಳಿಗಳು ಹುಟ್ಟಿದರು, ಒಂದು ಗಂಡು, ಒಂದು ಹೆಣ್ಣು. ಚಿತ್ರಕಥೆಯ ವೀರನನ್ನು ಗೃಹಸ್ಥನನ್ನಾಗಿ ಮಾಡಿದರೆ ಆಕರ್ಷಣೆ ಹೋಗುತ್ತದೆಂಬ ಭಯ ಆ ಉದ್ಯಮದಲ್ಲಿ ಗಟ್ಟಿಯಾಗಿದ್ದ ಕಾಲದಲ್ಲಿ ಫಾಕ್ ಇದನ್ನು ಮಾಡಿದರು. ಮಾಡದೆ ಅವರಿಗೆ ಬೇರೆ ದಾರಿಯೂ ಇರಲಿಲ್ಲ. ಮದುವೆಯಾಗದಿದ್ದರೆ ಇಪ್ಪತ್ತೆರಡನೆಯವನು ಎಲ್ಲಿಂದ ಬರಬೇಕು?

ಅಣ್ಣ ಮತ್ತು ತಂಗಿಯ ಒಂದು ಹಳೆಯ ಕಥೆಯೂ ಇದೆ. ಹದಿನೇಳನೆಯ ಫ್ಯಾಂಟಮ್ ಕೆಲಸಕ್ಕೆ ನಿಲ್ಲಲಾಗದ ಸ್ಥಿತಿಯಲ್ಲಿದ್ದಾಗ ಅವನ ಅವಳಿ ಸೋದರಿ ಜೂಲಿ ಅದೇ ಉಡುಪು ಧರಿಸಿ ಹೊರಡುತ್ತಾಳೆ. ಕಾಡಿನಲ್ಲಿ ಯಾರಿಗೂ ಕೊರತೆ ಕಾಣುವುದಿಲ್ಲ. ಹತ್ತನೆಯ ತರಗತಿಯಲ್ಲಿದ್ದಾಗ ಆ ಕಥೆಯನ್ನು ಓದಿದ ಮೇಲೆ ನಾನು ಮಿಕ್ಕೆಲ್ಲ ಕಥೆಗಳಲ್ಲೂ ಆಣೆಯ ಮಾತನ್ನು ಮನಸ್ಸಿನೊಳಗೆ ತಿದ್ದಿಕೊಂಡು ಓದಿದ್ದೇನೆ. ಮಕ್ಕಳು ಎಂದರೆ ಹೆಣ್ಣುಮಕ್ಕಳೂ ಎಂದು.

ಯಾರ್ರಾ ದಂಡೆ

ಮೆಲ್ಬರ್ನ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿಗೆ ಬಂದ ಮೊದಲ ವರ್ಷ ರೈಲು ನಿಲ್ದಾಣದ ಪಕ್ಕದ ಪತ್ರಿಕೆ ಅಂಗಡಿಯಲ್ಲಿ, ತೋಟಗಾರಿಕೆಯ ಮಾಸಪತ್ರಿಕೆಗಳ ನಡುವೆ, ಫ್ಯಾಂಟಮ್‌ನ ಹೊಸ ಸಂಚಿಕೆ ಕಂಡು ನಿಂತಲ್ಲೇ ನಿಂತುಬಿಟ್ಟೆ. ಫ್ರೂ ಎಂಬ ಪ್ರಕಾಶನ 1948ರಿಂದ ಇಲ್ಲಿ ಬಿಡದೆ ಪ್ರಕಟಿಸುತ್ತ ಬಂದಿದೆ. ಒಳಗೆ ಕಪ್ಪು ಬಿಳುಪು, ನಮ್ಮ ಬಣ್ಣದ ಇಂದ್ರಜಾಲ ಓದಿದವರಿಗೆ ಮೊದಲು ಸಪ್ಪೆ ಎನಿಸುತ್ತದೆ. ಸ್ವೀಡನ್ನಿನಲ್ಲಿ ಫಾಂಟೋಮೆನ್ ಎಂಬ ಪತ್ರಿಕೆ 1950ರಿಂದ ಇದೆ, ಅವರು ತಮ್ಮದೇ ಲೇಖಕರಿಂದ ಹೊಸ ಕಥೆಗಳನ್ನು ಬರೆಸುತ್ತಾರೆ.

ಕಾಡಂಚಿನ ಓದುಗರೇ, ನಿಮ್ಮ ಆಕ್ಷೇಪವನ್ನು ಓದುವಾಗ ಇಲ್ಲಿ ಕಂಡದ್ದೊಂದು ನೆನಪಾಯಿತು. ಪಪುವಾ ನ್ಯೂ ಗಿನಿಯ ಎತ್ತರದ ನಾಡಿನಲ್ಲಿ ವಾಗಿ ಕಣಿವೆಯ ಜನ ತಮ್ಮ ಯುದ್ಧದ ಗುರಾಣಿಗಳ ಮೇಲೆ ಫ್ಯಾಂಟಮ್‌ನ ಚಿತ್ರವನ್ನು ಬರೆದಿದ್ದಾರೆ. ಮನುಷ್ಯನ ಎತ್ತರದ ಗುರಾಣಿ, ಅದರ ತುಂಬ ಮುಖವಾಡ, ನಡುವಿನಲ್ಲಿ ಬುರುಡೆ. ಅಂಥ ಗುರಾಣಿಗಳು ಈಗ ವಸ್ತುಸಂಗ್ರಹಾಲಯಗಳಲ್ಲಿವೆ. ಸಾಯದವನನ್ನು ಗುರಾಣಿಯ ಮೇಲಿಟ್ಟುಕೊಂಡು ಹೊರಟವರು ಕಾಡಿನ ಜನರೇ. ಬಿಳಿಯನ ಕಥೆ ಎಂದು ಅವರು ಬಿಟ್ಟುಕೊಡಲಿಲ್ಲ, ತಮಗೆ ಬೇಕಾದುದನ್ನು ಕಿತ್ತುಕೊಂಡರು. ಇದು ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರವಲ್ಲ ಎಂದು ನನಗೂ ಗೊತ್ತು.

ಕಾಡಂಚಿನ ಓದುಗ

ಆ ಗುರಾಣಿಗಳ ವಿಷಯ ನನಗೆ ಗೊತ್ತಿರಲಿಲ್ಲ. ತಿಳಿಸಿದ್ದಕ್ಕೆ ಕೃತಜ್ಞತೆಗಳು. ನನ್ನ ಪ್ರಶ್ನೆ ಹಾಗೆಯೇ ಇದೆ, ಆದರೆ ಅದನ್ನು ಈಗ ಬೇರೆ ರೀತಿಯಲ್ಲಿ ಕೇಳಬೇಕಾಗಿದೆ.

ಪುತ್ತೂರು ಸೀಮೆ

ನಾನು ತುಳುನಾಡಿನವನು. ಸಣ್ಣವನಿದ್ದಾಗ ನನಗೆ ಫ್ಯಾಂಟಮ್ ವಿದೇಶಿಯೆಂದು ಅನ್ನಿಸಿರಲೇ ಇಲ್ಲ. ಅದಕ್ಕೆ ಕಾರಣವೇನೆಂದು ಈ ಚರ್ಚೆಯನ್ನು ಓದುವಾಗ ಹೊಳೆಯಿತು. ನಮ್ಮಲ್ಲಿ ದೈವಕ್ಕೆ ನಡೆಸುವ ಕೋಲದ ರಾತ್ರಿ ಮುಖಕ್ಕೆ ಹಳದಿ ಅರದಾಳ ಹಚ್ಚಿಕೊಂಡು, ಬೆನ್ನಿಗೆ ಅಣಿ ಕಟ್ಟಿಕೊಂಡು ನಿಲ್ಲುವವನು ನಮಗೆ ಹಗಲಿನಲ್ಲಿ ಪರಿಚಯದ ಮನುಷ್ಯ. ಗಗ್ಗರ ಕಾಲಿಗೆ ಏರಿದ ಮೇಲೆ ಅವನು ಅವನಲ್ಲ. ಅವನ ತಂದೆ ಕಟ್ಟುತ್ತಿದ್ದ ಕಟ್ಟು, ಅಜ್ಜ ಕಟ್ಟುತ್ತಿದ್ದ ಕಟ್ಟು, ಇಂದು ಅವನ ಮೈಮೇಲೆ. ಕಟ್ಟಿದವರು ತೀರಿಕೊಳ್ಳುತ್ತಾರೆ, ದೈವ ತೀರಿಕೊಳ್ಳುವುದಿಲ್ಲ. ಊರಿನ ವ್ಯಾಜ್ಯಗಳು ಅದರ ಮುಂದೆ ಬರುತ್ತವೆ, ಅದರ ಮಾತು ನಡೆಯುತ್ತದೆ.

ಇವೆರಡೂ ಒಂದೇ ಎಂದು ಹೇಳುವ ಉದ್ದೇಶ ನನಗಿಲ್ಲ. ದೈವ ನಮಗೆ ನಂಬಿಕೆ, ಫ್ಯಾಂಟಮ್ ಕಥೆ. ಫಾಕ್‌ಗೆ ನಮ್ಮ ಸೀಮೆಯ ಹೆಸರೂ ತಿಳಿದಿರಲಾರದು. ಓದುಗನಾಗಿ ನನಗೆ ಆ ಮುಖವಾಡದ ಹಿಂದೆ ತಲೆಮಾರುಗಳಿವೆ ಎಂಬುದನ್ನು ಯಾರೂ ವಿವರಿಸಬೇಕಾಗಿರಲಿಲ್ಲ ಎಂದಷ್ಟೇ ಹೇಳಬೇಕಿತ್ತು. ಬಂಗಾಳಿಯಲ್ಲಿ ಅವನಿಗೆ ಅರಣ್ಯದೇವ ಎಂದೂ ಹಿಂದಿಯಲ್ಲಿ ವೇತಾಳ ಎಂದೂ ಹೆಸರಿಟ್ಟ ಅನುವಾದಕರಿಗೂ ಇಂಥದೇನೋ ತಮ್ಮ ಕಡೆಯದು ನೆನಪಾಗಿರಬೇಕು.

ಎರಡನೇ ಪಿಯುಸಿ

ನಾನು ಚಿಕ್ಕವಳು, ಈ ಸಂಚಿಕೆಗಳನ್ನು ಓದಿದವಳಲ್ಲ. ಅಜ್ಜನ ಅಂಗಡಿಯಲ್ಲಿ ಮಾರುತ್ತಿದ್ದ, ತುದಿಗೆ ಕೆಂಪು ಬಣ್ಣವಿದ್ದ ಬಿಳಿ ಸಿಗರೇಟು ಪೆಪ್ಪರ್‌ಮಿಂಟಿನ ಡಬ್ಬಿಯ ಮೇಲೆ ಅವನ ಚಿತ್ರ ನೋಡಿದ್ದೇನೆ, ಅಷ್ಟೆ. ಅವನಿಗೆ ಹಾರಲು ಬರುವುದಿಲ್ಲ, ಗುಂಡು ತಗುಲಿದರೆ ಗಾಯವಾಗುತ್ತದೆ, ಯಾವ ಅತಿಮಾನುಷ ಶಕ್ತಿಯೂ ಇಲ್ಲ. ಹಾಗಿದ್ದರೆ ಅವನನ್ನು ಸೂಪರ್‌ಹೀರೋ ಎಂದು ಕರೆಯಬಹುದೆ? 1996ರಲ್ಲಿ ಬಿಲ್ಲಿ ಜೇನ್ ನಟಿಸಿದ ಚಲನಚಿತ್ರವನ್ನು ನೋಡಿದೆ. ನನಗೆ ಅದು ಹಿಡಿಸಲಿಲ್ಲ. ದಯವಿಟ್ಟು ಒಳ್ಳೆಯದೊಂದು ಕಡೆಯಿಂದ ಆರಂಭಿಸಲು ತಿಳಿಸಿ.

ನೇರಳೆ ಅಲ್ಲ ಬೂದು

ಚಲನಚಿತ್ರವನ್ನು ಬಿಟ್ಟುಬಿಡಿ, ಮಗಳೇ. ಅದರಲ್ಲಿ ನೇರಳೆ ಬಣ್ಣ ಒಂದೇ ಸರಿಯಾಗಿದೆ.

ಶಕ್ತಿಯ ಪ್ರಶ್ನೆಗೆ ನನಗೆ ತೋಚುವ ಉತ್ತರ ಇದು. ಫ್ಯಾಂಟಮ್‌ನ ಶಕ್ತಿ ಅವನ ಮೈಯಲ್ಲಿಲ್ಲ, ಅವನ ಬಗ್ಗೆ ಜನ ಆಡುವ ಮಾತಿನಲ್ಲಿದೆ. ಕಾಡಿನ ಹಳೆಯ ನಾಣ್ಣುಡಿ ಎಂದು ಕಥೆಗಳಲ್ಲಿ ಆಗಾಗ ಬರುತ್ತದೆ, ಒರಟರ ಜೊತೆ ಫ್ಯಾಂಟಮ್ ಒರಟು ಎಂಬಂಥವು. ಆ ಮಾತು ಅವನಿಗಿಂತ ಮುಂಚೆ ಹೋಗಿ ಅರ್ಧ ಕೆಲಸ ಮುಗಿಸಿರುತ್ತದೆ. ಗುದ್ದಿದರೆ ಬಲಗೈಯ ಉಂಗುರದ ಬುರುಡೆ ಗುರುತು ದುಷ್ಟನ ದವಡೆಯ ಮೇಲೆ ಕೂರುತ್ತದೆ, ಅದು ಅಳಿಸುವುದಿಲ್ಲ. ಎಡಗೈಯ ಉಂಗುರದ ಗುರುತು ಸಿಕ್ಕವನನ್ನು ಕಾಡಿನಲ್ಲಿ ಯಾರೂ ಮುಟ್ಟುವುದಿಲ್ಲ. ಹೀಗೆ ನಾನೂರು ವರ್ಷ ಒಬ್ಬರ ಮೇಲೊಬ್ಬರು ಕೂಡಿಟ್ಟ ಹೆಸರೇ ಇಪ್ಪತ್ತೊಂದನೆಯವನ ಬಂಡವಾಳ. ಇದು ಅತಿಮಾನುಷವಲ್ಲದಿದ್ದರೆ ಮತ್ತಾವುದು?

ಆರಂಭಿಸಲು ಕಾಡುಗಸ್ತು ಪಡೆಯ ಕಥೆಗಳನ್ನು ಹುಡುಕಿ. ಆ ಪಡೆಯ ಸೇನಾಧಿಪತಿ ಫ್ಯಾಂಟಮ್ ಎಂಬುದು ಪಡೆಯವರಿಗೇ ಗೊತ್ತಿಲ್ಲ. ಕರ್ನಲ್‌ನ ಕಚೇರಿಯಲ್ಲಿ ಒಂದು ತಿಜೋರಿ ಇದೆ. ಅದರ ಮೇಲಿನ ದೀಪ ಹೊತ್ತಿಕೊಂಡರೆ ಒಳಗೆ ಆಜ್ಞೆ ಬಂದಿದೆಯೆಂದು ಅರ್ಥ. ಕರ್ನಲ್ ಬೀಗ ತೆಗೆದು ಕಾಗದ ಎತ್ತಿಕೊಳ್ಳುತ್ತಾನೆ, ಅದು ಹೇಗೆ ಬಂತೆಂದು ತಿಳಿಯುವುದಿಲ್ಲ. ತಿಜೋರಿಯ ತಳ ತೆರೆದುಕೊಳ್ಳುತ್ತದೆ, ಅದರ ಕೆಳಗಿನ ಸುರಂಗ ಪಾಳುಬಾವಿಯೊಂದಕ್ಕೆ ಹೋಗುತ್ತದೆ. ಚಿಕ್ಕಂದಿನಲ್ಲಿ ನಾನು ನಮ್ಮ ಮನೆಯ ಗಾಡ್ರೆಜ್ ಬೀರುವಿನ ತಳವನ್ನು ತಟ್ಟಿ ನೋಡಿದ್ದೇನೆ.

ಬಾಡಿಗೆಗೆ ಪುಸ್ತಕ

ಪಟ್ಟಣಕ್ಕೆ ಹೋಗುವ ದೃಶ್ಯಗಳನ್ನೂ ಬಿಡಬೇಡಿ. ಕೋಟು, ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡ ವಾಕರ್ ಮಹಾಶಯ (ಪಟ್ಟಣದಲ್ಲಿ ಫ್ಯಾಂಟಮ್‌ಗೆ ಇದೇ ಹೆಸರು) ಪುಂಡರು ತುಂಬಿದ ಹೆಂಡದಂಗಡಿಗೆ ಹೋಗಿ ಹಾಲು ಕೇಳುತ್ತಾನೆ. ಅವನ ಸಾಕುತೋಳ ಡೆವಿಲ್‌ಗೂ ಒಂದು ಬಟ್ಟಲು. ಪುಂಡರು ನಗುತ್ತಾರೆ. ಮುಂದೇನಾಗುತ್ತದೆಂದು ನಮ್ಮ ಬೆಂಚಿನ ಮೇಲಿದ್ದ ಅಷ್ಟೂ ಹುಡುಗರಿಗೆ ಗೊತ್ತಿರುತ್ತಿತ್ತು, ಆದರೂ ಹಾಳೆ ತಿರುಗುವವರೆಗೆ ಉಸಿರು ಬಿಗಿಹಿಡಿದಿರುತ್ತಿದ್ದರು. ಆ ಒಂದು ವಾರ ತಂದೆಯ ಅಂಗಡಿಯ ಪಕ್ಕದ ಹೋಟೆಲಿನಲ್ಲಿ ಹುಡುಗರು ಚಹಾ ಬಿಟ್ಟು ಹಾಲು ಕೇಳಿದ್ದು ನನ್ನ ನೆನಪಿನಲ್ಲಿದೆ.

ಹಳೇಟ್ರಂಕು

ಎಲ್ಲರ ಬರಹಗಳನ್ನೂ ಎರಡೆರಡು ಸಲ ಓದಿದೆ. ನನ್ನ ಮೊದಲ ಮಾತಿಗೆ ಒಂದು ತಿದ್ದುಪಡಿ ಮಾಡಿಕೊಳ್ಳುತ್ತೇನೆ. ಸಾವೊಂದೇ ಅಲ್ಲ, ಬರೆದಿಡುವುದೂ ಸೇರಬೇಕು. ಬುರುಡೆ ಗವಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಜಾಗ ನಿಧಿಯ ಕೋಣೆಯಲ್ಲ, ಅಲೆಕ್ಸಾಂಡರನ ವಜ್ರದ ಬಟ್ಟಲೂ ಅಲ್ಲ. ದಪ್ಪ ದಪ್ಪ ದಿನಚರಿಗಳಿರುವ ಕಪಾಟು. ಪ್ರತಿಯೊಬ್ಬ ಫ್ಯಾಂಟಮ್ ತಾನು ಮಾಡಿದ್ದನ್ನು ಅಲ್ಲಿ ಬರೆದಿಡುತ್ತಾನೆ. ಯಾವುದೋ ತೊಂದರೆ ಎದುರಾದಾಗ ಇಪ್ಪತ್ತೊಂದನೆಯವನು ಕತ್ತಿ ಹಿರಿಯುವ ಬದಲು ದೀಪ ಹಚ್ಚಿ, ಹದಿಮೂರನೆಯವನು ಏನು ಬರೆದಿದ್ದಾನೆಂದು ಹುಡುಕುತ್ತ ಕುಳಿತುಕೊಳ್ಳುತ್ತಾನೆ. ನಮ್ಮ ಮನೆಯಲ್ಲಿ ಅಜ್ಜ ಗದ್ದೆಯ ಲೆಕ್ಕ ಬರೆಯುತ್ತಿದ್ದ ಕಿರ್ದಿ ಪುಸ್ತಕಗಳನ್ನು ಮಾವ ಹೀಗೆಯೇ ತೆರೆದು ನೋಡುತ್ತಿದ್ದರು, ಯಾವ ವರ್ಷ ಮಳೆ ತಡವಾಗಿತ್ತು, ಆಗ ಏನು ಬಿತ್ತಿದ್ದರು ಎಂದು.

ಫಾಕ್ ಕೂಡ ಕೊನೆಯವರೆಗೂ ಬರೆಯುತ್ತಲೇ ಇದ್ದರು. ಅವರು ರಂಗಭೂಮಿಯ ಮನುಷ್ಯ, ನೂರಾರು ನಾಟಕಗಳನ್ನು ರಂಗಕ್ಕೆ ತಂದವರು, ಆದರೆ ಈ ಎರಡು ಚಿತ್ರಕಥೆಗಳನ್ನು ಆರು ದಶಕಕ್ಕೂ ಹೆಚ್ಚು ಕಾಲ ಕೈಬಿಡಲಿಲ್ಲ. 1999ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ಫ್ಯಾಂಟಮ್‌ನ ಪಟ್ಟಿಯನ್ನು ಟೋನಿ ಡಿಪಾಲ್ ಮುಂದುವರಿಸಿದರು. ದಿನಪತ್ರಿಕೆಯ ಓದುಗನಿಗೆ ಮರುದಿನದ ಪಟ್ಟಿ ಎಂದಿನಂತೆ ಬಂತು.

ಸಪ್ತಾಪುರ

ಈ ಚರ್ಚೆಯನ್ನು ಮೊದಲಿನಿಂದ ಓದುತ್ತ ಬಂದಿದ್ದೇನೆ, ಬರೆಯುತ್ತಿರುವುದು ಈಗಲೇ. ಹಳೇಟ್ರಂಕು ಅವರೇ, ನೀವು ಹೇಳಿದ ಬಾಲ್ಯದ ಕಥೆಯ ಕನ್ನಡ ಸಂಚಿಕೆ ನನ್ನ ಬಳಿ ಇದೆ. ಧಾರವಾಡದ ರದ್ದಿ ಅಂಗಡಿಯೊಂದರಲ್ಲಿ ತೂಕಕ್ಕೆ ಕೊಂಡದ್ದು. ಮುಖಪುಟ ಇಲ್ಲ, ಕೊನೆಯ ಹಾಳೆ ಇದೆ.

ತಂದೆ ಕಣ್ಣು ಮುಚ್ಚಿದ್ದಾನೆ. ಮಗ ಬುರುಡೆಯ ಮೇಲೆ ಕೈಯಿಟ್ಟು ಆಣೆ ಮಾಡುತ್ತಾನೆ. ಆ ಚೌಕದಲ್ಲಿ ಅವನ ಮುಖವನ್ನು ತೋರಿಸಿಲ್ಲ, ಕೈ ಮಾತ್ರ ಇದೆ. ಹೊರಗೆ ಕಾದಿದ್ದ ಕುಳ್ಳ ಜನರ ಮುಂದೆ, ಗವಿಯ ಬಾಯಲ್ಲಿ, ಅವನು ಅದೇ ಉಡುಪಿನಲ್ಲಿ ಬಂದು ನಿಲ್ಲುತ್ತಾನೆ. ಆ ಜನರ ಮುಖಂಡ ಗುರಾನ್‌ನ ಮುಖ ಅರ್ಧ ಮಾತ್ರ ಕಾಣುತ್ತದೆ, ಅವನಿಗೆ ಒಳಗೆ ಏನಾಯಿತೆಂದು ಗೊತ್ತು. ಹಾಳೆಯ ಹಿಂಬದಿ ಜಾಹೀರಾತು.

ಬೇಕಿದ್ದರೆ ಸ್ಕ್ಯಾನ್ ಮಾಡಿ ಕಳುಹಿಸುತ್ತೇನೆ.

ಹಳೇಟ್ರಂಕು

ಸ್ವಾಮಿ, ದಯವಿಟ್ಟು ಕಳುಹಿಸಿ. ಸಂಜೆ ಮಾವನಿಗೆ ಫೋನ್ ಮಾಡಿ ಕೇಳಿದೆ. ಹಾಸ್ಟೆಲಿನಲ್ಲಿ ಗೆಳೆಯನೊಬ್ಬನಿಗೆ ಓದಲು ಕೊಟ್ಟಾಗ ಆ ಹಾಳೆ ಹೋಯಿತಂತೆ. ಅವರಿಗೆ ಈಗ ಕಣ್ಣು ಮಂಜು, ಆದರೂ ಆ ಹಾಳೆಯಲ್ಲಿ ಕೈ ಮಾತ್ರ ಇತ್ತಲ್ಲವೇ ಎಂದು ಅವರೇ ಕೇಳಿದರು. ಎರಡೂ ಬದಿಗಳನ್ನು ಕಳುಹಿಸಿ, ಜಾಹೀರಾತನ್ನೂ ಬಿಡಬೇಡಿ. ಹಾಳೆಯ ಉದ್ದ ಅಗಲವನ್ನು ಅಳೆದು ತಿಳಿಸಿದರೆ ಅದೇ ಅಳತೆಗೆ ಅಚ್ಚು ಹಾಕಿಸುತ್ತೇನೆ. ದಬ್ಬಳ ಟ್ರಂಕಿನಲ್ಲೇ ಇತ್ತು, ಗೋಣಿದಾರ ನಾಳೆ ಸಂತೆಯಲ್ಲಿ ಸಿಗುತ್ತದೆ.